ಜರ್ಮನ್ ಭಾಷಾಭ್ಯಾಸಕ್ಕೆ ಕನ್ನಡ ವ್ಯಾಕರಣದ ನೆರವು

ಹೋದ ವರ್ಷದ ಶ್ರಾವಣಮಾಸದ ಒಂದು ಸಂಜೆ. ಶಾಲೆಯ ಗಂಟೆ ಬಾರಿಸಿ ಮಕ್ಕಳೆಲ್ಲ ಚದುರಿದ್ದರು. ನಾನು ಅಧ್ಯಾಪಕರ ಕೊಠಡಿಯಲ್ಲಿ ಕುಳಿತು ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿರಲು, ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬಾಗಿಲಲ್ಲಿ ನಿಂತು, “ಗುರುಗಳೆ, ಡೇಟಿವ್ ಅಂದರೆ ಯಾವ ವಿಭಕ್ತಿರೀ?” ಎಂದು ಕೇಳಿದಳು. ಅವಳ ಕೈಯಲ್ಲಿ ಒಂದು ನೋಟುಪುಸ್ತಕವಿತ್ತು. ಶಾಲೆ ಬಿಟ್ಟ ಬಳಿಕ ನಮ್ಮ ಗಣಕಯಂತ್ರದ ಕೋಣೆಯಲ್ಲಿ ನಡೆಯುವ ಆನ್‌ಲೈನ್ ಜರ್ಮನ್ ತರಗತಿಯ ಪುಸ್ತಕವದು. ‘ನನಗೆ ಚಳಿಯಾಗುತ್ತಿದೆ’ ಎಂಬುದನ್ನು ಅವಳು ‘ಇಶ್ ಬಿನ್ ಕಲ್ಟ್’ ಎಂದು ಬರೆದಿದ್ದಳು. ಅದು ತಪ್ಪೆಂದೂ, ‘ಮೀರ್ ಇಸ್ಟ್ ಕಲ್ಟ್’ ಎಂದಿರಬೇಕೆಂದೂ ಯಂತ್ರವು ಕೆಂಪಕ್ಷರದಲ್ಲಿ ತೋರಿಸಿತ್ತು. ಏಕೆಂಬುದಕ್ಕೆ ಕೆಳಗೆ ಮೂರು ಸಾಲು ಇಂಗ್ಲಿಷ್ ವಿವರಣೆಯಿತ್ತು. ಆ ಮೂರು ಸಾಲು ಅವಳಿಗೆ ಜರ್ಮನ್ನಿಗಿಂತ ಕಠಿಣವಾಗಿದ್ದವು.

ನನಗೆ ಆಗ ಜರ್ಮನ್ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. “ಇದರಲ್ಲಿ ‘ಮೀರ್’ ಎಂದರೇನಮ್ಮ?” ಎಂದು ಕೇಳಿದೆ. “ಟು ಮೀ ಅಂತ ಐತ್ರಿ” ಎಂದಳು. “ಕನ್ನಡದಲ್ಲಿ ಹೇಳು.” “ನನಗೆ.” “ಚಳಿಯಾದಾಗ ನೀನು ಮನೆಯಲ್ಲಿ ‘ನಾನು ಚಳಿ’ ಎನ್ನುವೆಯೋ, ‘ನನಗೆ ಚಳಿ’ ಎನ್ನುವೆಯೋ?” ಹುಡುಗಿ ನಕ್ಕುಬಿಟ್ಟಳು. ‘ನನಗೆ’ ಎಂಬುದು ಯಾವ ವಿಭಕ್ತಿಯೆಂಬುದನ್ನು ಅವಳಿಗೆ ಹೇಳಿಕೊಡಬೇಕಾದ ಅಗತ್ಯ ಬೀಳಲಿಲ್ಲ. ಏಳನೆಯ ತರಗತಿಯಿಂದಲೂ ಅದನ್ನು ಅವಳು ಬಲ್ಲಳು. ಅವಳು ಹೊರಡುವಾಗ ಹೇಳಿದ ಮಾತು ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು: “ಇವತ್ತು ಹೆಸರು ತೆಗೆಸಬೇಕು ಅಂತ ಬಂದಿದ್ದೆ, ಗುರುಗಳೆ.”

ಇಲ್ಲಿ ಒಂದು ತಪ್ಪೊಪ್ಪಿಗೆ ಅವಶ್ಯವಾಗಿದೆ. ಪರಮಪೂಜ್ಯ ಶ್ರೀಗಳವರ ಅಪ್ಪಣೆಯಂತೆ ಈ ಸಾಯಂತರಗತಿಯನ್ನು ಆರಂಭಿಸುವ ವಿಚಾರ ಅಧ್ಯಾಪಕರ ಸಭೆಗೆ ಬಂದಾಗ ಅದನ್ನು ವಿರೋಧಿಸಿದವನು ನಾನೊಬ್ಬನೇ. ಕನ್ನಡದಲ್ಲಿ ಒಂದು ಪುಟವನ್ನು ತಪ್ಪಿಲ್ಲದೆ ಬರೆಯಲಾರದ ಮಕ್ಕಳಿಗೆ ಜರ್ಮನ್ ಏಕೆ ಎಂಬುದು ನನ್ನ ವಾದವಾಗಿತ್ತು. ಅದಕ್ಕೂ ಹಿಂದಿನ ಮಾತು: ಕೇಂದ್ರೀಯ ವಿದ್ಯಾಲಯಗಳಲ್ಲಿ 2011ರ ಒಡಂಬಡಿಕೆಯ ಪ್ರಕಾರ ಸಂಸ್ಕೃತಕ್ಕೆ ಪರ್ಯಾಯವಾಗಿ ಮೂರನೆಯ ಭಾಷೆಯ ಸ್ಥಾನದಲ್ಲಿ ಜರ್ಮನ್ ಕಲಿಸುತ್ತಿದ್ದುದನ್ನು 2014ರ ನವೆಂಬರಿನಲ್ಲಿ, ಅದೂ ವರ್ಷದ ನಡುವೆ, ನಿಲ್ಲಿಸಲಾಯಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಸಂಸ್ಕೃತ ಬಲ್ಲವನೇ ಜರ್ಮನ್ನನ್ನು ಬೇಗ ಕಲಿಯಬಲ್ಲನೆಂಬುದೂ, ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವುದೇ ತಪ್ಪೆಂಬುದೂ ನನಗೆ ತಿಳಿದದ್ದು ಆ ಹುಡುಗಿಯ ನೋಟುಪುಸ್ತಕದಿಂದ.

ನಮ್ಮ ಮಕ್ಕಳಿಗೆ ಈ ಭಾಷೆಯ ಮೇಲೆ ಆಸೆ ಹುಟ್ಟಿದ್ದೇಕೆ? ಉತ್ತರ ಸರಳವಾಗಿದೆ. 2023–24ರ ಚಳಿಗಾಲದ ಅವಧಿಯಲ್ಲಿ ಜರ್ಮನಿಯ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳು ಓದುತ್ತಿದ್ದರು. ಅಲ್ಲಿಯ ಪರದೇಶಿ ವಿದ್ಯಾರ್ಥಿಗಳಲ್ಲಿ ಅವರದೇ ದೊಡ್ಡ ಗುಂಪು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಶುಲ್ಕವಿಲ್ಲ ಎಂಬ ಸುದ್ದಿ ಹಳ್ಳಿಹಳ್ಳಿಗೂ ಮುಟ್ಟಿದೆ. ಅಣ್ಣನೋ ಅಕ್ಕನೋ ಬೆಂಗಳೂರಿನ ಜರ್ಮನ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿರುವ ಮನೆಗಳೂ ಈಗ ಅಪರೂಪವಲ್ಲ. 1951ರಲ್ಲಿ ಸ್ಥಾಪನೆಯಾಗಿ ‘ಮೈಕೋ’ ಎಂದು ಹೆಸರಾದ ಬಾಷ್ ಕಾರ್ಖಾನೆಯನ್ನು ನಮ್ಮ ತಂದೆಯ ಕಾಲದವರೂ ಬಲ್ಲರು. ಶುಶ್ರೂಷಾ ವೃತ್ತಿಗೆ ಹೋಗಬಯಸುವ ಹೆಣ್ಣುಮಕ್ಕಳ ಸಂಖ್ಯೆಯೂ ಹೆಚ್ಚುತ್ತಿದೆ.

ಆದರೆ ಪೋಷಕರು ಕೇಳಿರದ ಸಂಗತಿಗಳೂ ಕೆಲವಿವೆ. ಬಾಡನ್–ವ್ಯೂರ್ಟೆಂಬರ್ಗ್ ಪ್ರಾಂತ್ಯದಲ್ಲಿ 2017ರಿಂದ ಯೂರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು ಪ್ರತಿ ಆರು ತಿಂಗಳಿಗೆ 1,500 ಯೂರೋ ಕೊಡಬೇಕಾಗಿದೆ. ಶುಲ್ಕವಿಲ್ಲದ ಕಡೆಗೂ ಹೊಟ್ಟೆಬಟ್ಟೆಯ ಖರ್ಚಿಗೆಂದು ವರ್ಷಕ್ಕೆ 11,904 ಯೂರೋ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕೆಂದು 2024ರ ಸೆಪ್ಟೆಂಬರಿನಲ್ಲಿ ನಿಗದಿಯಾಯಿತು. ಇನ್ನು ಭಾಷೆಯ ಮಾತು. ಐರೋಪ್ಯ ಪರಿಷತ್ತು 2001ರಲ್ಲಿ ಪ್ರಕಟಿಸಿದ ಮಾನದಂಡದಂತೆ ಭಾಷಾಜ್ಞಾನಕ್ಕೆ ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮೆಟ್ಟಿಲುಗಳು. ಅಲ್ಲಿಯ ಪದವಿಪೂರ್ವ ಓದಿನ ಮೇಲಣ ಮೊದಲ ಪದವಿಯ ವರ್ಗಗಳು ಹೆಚ್ಚಾಗಿ ಜರ್ಮನ್ನಿನಲ್ಲಿಯೇ ನಡೆಯುವುದರಿಂದ ಅಲ್ಲಿ ಸೇರುವವನು ಸಾಮಾನ್ಯವಾಗಿ ಐದನೆಯ ಮೆಟ್ಟಿಲಿನ ಹತ್ತಿರವಿರಬೇಕು. ಶುಶ್ರೂಷಕಿಯ ಅರ್ಹತೆಗೆ ನಾಲ್ಕನೆಯದಾದರೂ ಬೇಕೆನ್ನುತ್ತಾರೆ. ನಮ್ಮ ಮಕ್ಕಳು ಸಂಜೆಯ ತರಗತಿಯಲ್ಲಿ ಕಲಿಯುವುದು ಮೊದಲನೆಯ ಮೆಟ್ಟಿಲು. ಇದನ್ನು ಹೇಳುವುದು ನಿರುತ್ಸಾಹಗೊಳಿಸಲಿಕ್ಕಲ್ಲ. ಆರು ತಿಂಗಳಲ್ಲಿ ಜರ್ಮನಿಗೆ ಕಳುಹಿಸುತ್ತೇವೆಂದು ದೂರವಾಣಿಯಲ್ಲಿ ಆಸೆ ಹುಟ್ಟಿಸಿ, ನಮ್ಮ ತಾಲ್ಲೂಕಿನ ಒಬ್ಬ ರೈತನಿಂದ ಮುಂಗಡ ಹಣ ಪಡೆದು ಸುಮ್ಮನಾದ ಖಾಸಗಿ ತರಬೇತಿಯವರ ಕತೆಯನ್ನು ನಾನು ಬಲ್ಲೆನಾದ್ದರಿಂದ ಹೇಳಿದೆ.

ಇನ್ನು ತರಗತಿಯ ಸ್ವರೂಪ. ಸಂಜೆ ಐದರಿಂದ ಆರು. ಬಳಿಕ ಪ್ರಸಾದನಿಲಯದ ಮಕ್ಕಳು ಪ್ರಾರ್ಥನೆಗೆ ಹೋಗಬೇಕು. ಗೋಡೆಯ ಮೇಲೆ ಬಿಳಿಯ ಪರದೆ, ಅದರಲ್ಲಿ ಬೆಂಗಳೂರಿನಿಂದ ಪಾಠ ಹೇಳುವ ಶಿಕ್ಷಕಿ. ಅದೇ ಪರದೆಯ ಚೌಕಗಳಲ್ಲಿ ಬೇರೆ ಬೇರೆ ಊರುಗಳ ಶಾಲೆಗಳ ಮಕ್ಕಳು. 2020ರಲ್ಲಿ ಕೋವಿಡ್ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ ಅನಿವಾರ್ಯವಾಗಿ ಬಂದ ಈ ಪದ್ಧತಿ, ಶಾಲೆಗಳು ತೆರೆದ ಮೇಲೂ ಶಾಲೆಯ ಹೊತ್ತಿನಾಚೆಯ ಪಾಠಗಳಿಗಾಗಿ ಉಳಿದುಕೊಂಡಿದೆ. ಇದಿಲ್ಲದಿದ್ದರೆ ಜಿಲ್ಲಾಕೇಂದ್ರದಿಂದ ಎರಡು ಗಂಟೆ ದೂರವಿರುವ ನಮ್ಮ ಮಕ್ಕಳಿಗೆ ಜರ್ಮನ್ ಕಲಿಸುವವರು ಯಾರು ಸಿಗುತ್ತಿದ್ದರು? ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನವಿದೆ. ಜರ್ಮನಿಯ ಗಯಟೆ ಸಂಸ್ಥೆಗೆ ಭಾರತದಲ್ಲಿ ಆ ಹೆಸರು, ಭಾರತವನ್ನು ಕಣ್ಣಾರೆ ಕಾಣದೆಯೇ ಋಗ್ವೇದವನ್ನು ಸಂಪಾದಿಸಿದ ಪಂಡಿತನ ಹೆಸರು. ಆದರೆ ನಮ್ಮ ಹುಡುಗರಿಗೆ ಬೆಂಗಳೂರೂ ದೂರವೇ.

ಮೊದಲ ವಾರ ಕೋಣೆ ಹಿಡಿಸಲಾರದಷ್ಟು ಮಕ್ಕಳು ಬಂದರು. ದಸರಾ ರಜೆ ಮುಗಿದ ಮೇಲೆ ನೋಡಿದರೆ ಎರಡು ಬೆಂಚು. ಆಸಕ್ತಿ ಹುಟ್ಟುವುದಕ್ಕಿಂತ ಉಳಿಯುವುದು ಕಷ್ಟ. ಬಿಟ್ಟವರನ್ನು ನಾನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಿದೆ. ‘ಕಠಿಣ’ ಎಂದವರು ಕಡಿಮೆ. ‘ನಾನು ಹೇಳಿದ್ದು ಸರಿಯೋ ತಪ್ಪೋ ಯಾರೂ ಕೇಳಲಿಲ್ಲ’ ಎಂದವರು ಹೆಚ್ಚು. ಅಷ್ಟೊಂದು ಚೌಕಗಳಿರುವಲ್ಲಿ ಸದ್ದಾಗಬಾರದೆಂದು ಎಲ್ಲರ ಧ್ವನಿಯನ್ನೂ ಮುಚ್ಚಿಡುತ್ತಾರೆ. ಒಂದು ಮಗುವಿಗೆ ವಾರಕ್ಕೊಮ್ಮೆ ಬಾಯಿ ಬಿಡುವ ಸರದಿ ಬಂದರೆ ಪುಣ್ಯ. ನಮ್ಮ ಪಾಠಶಾಲೆಯಲ್ಲಿ ಗುರುಗಳು ಶಬ್ದರೂಪಗಳನ್ನು ಒಪ್ಪಿಸಲು ಹೇಳಿ ಕಣ್ಣು ಮುಚ್ಚಿ ಕುಳಿತಿರುತ್ತಿದ್ದರು. ನಿದ್ದೆ ಹೋಗಿದ್ದಾರೆಂದು ನಾವು ಒಂದು ರೂಪವನ್ನು ಹಾರಿಸಿದರೆ, ಕಣ್ಣು ತೆರೆಯದೆಯೇ ಕೋಲು ನೆಲಕ್ಕೆ ಬಡಿಯುತ್ತಿತ್ತು. ಆ ಕೋಲು ಬೇಡ. ಆ ಕಿವಿ ಬೇಕು.

ಯಂತ್ರದ ಗುಣವನ್ನೂ ಹೇಳಬೇಕು. ಅದು ದಣಿಯುವುದಿಲ್ಲ. ಜರ್ಮನರು ಆಡಿದ ಒಂದು ಮಾತನ್ನು ನೂರು ಸಲ ಬೇಕಾದರೂ ಕೇಳಿಸುತ್ತದೆ. ‘ಡೊಯ್ಚೆ ವೆಲ್ಲೆ’ ಎಂಬ ಅಲ್ಲಿಯ ಪ್ರಸಾರಸಂಸ್ಥೆ ‘ನಿಕೋಸ್ ವೇಗ್’ ಎಂಬ ಚಿತ್ರರೂಪದ ಪಾಠಮಾಲೆಯನ್ನು ಹಣ ಕೇಳದೆ ಒದಗಿಸಿದೆ. ಜರ್ಮನಿಗೆ ಬಂದಿಳಿದ ನಿಕೋ ಎಂಬ ತರುಣನ ಕತೆಯದು. ಆರಂಭದಿಂದ ಮೂರನೆಯ ಮೆಟ್ಟಿಲವರೆಗೂ ಕರೆದೊಯ್ಯುತ್ತದೆ. ಹುಡುಗರಿಗಿಂತ ನಾನೇ ಅದನ್ನು ಹೆಚ್ಚು ನೋಡಿದ್ದೇನೆಂದರೆ ಸುಳ್ಳಲ್ಲ. ಐವತ್ತು ದಾಟಿದ ಈ ವಯಸ್ಸಿನಲ್ಲಿ ಮಕ್ಕಳ ಹಿಂದಿನ ಬೆಂಚಿನಲ್ಲಿ ಕುಳಿತು ನಾನೂ ಮೊದಲ ಮೆಟ್ಟಿಲಿನ ಪಾಠ ಕೇಳಿದೆ. ಓದುವ, ಬರೆಯುವ ಭಾಗಗಳಲ್ಲಿ ಗೆದ್ದು, ಕೇಳಿ ಗ್ರಹಿಸುವ ಭಾಗದಲ್ಲಿ ಹುಡುಗರೆದುರಿಗೆ ಸೋತೆ.

ಈಗ ಪಾಠಕ್ಕೆ ಬರೋಣ. ಜರ್ಮನ್ ಭಾಷೆಯಲ್ಲಿ ವಿಭಕ್ತಿಗಳು ನಾಲ್ಕು: ನೊಮಿನೇಟಿವ್, ಅಕ್ಯೂಸೇಟಿವ್, ಡೇಟಿವ್, ಜೆನಿಟಿವ್. ಇವು ಕ್ರಮವಾಗಿ ನಮ್ಮ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ವಿಭಕ್ತಿಗಳಿಗೆ ಸಮೀಪವಾದವು. ಜರ್ಮನರ ಶಾಲೆಗಳಲ್ಲಿ ಡೇಟಿವನ್ನು ‘ಮೂರನೆಯದು’ ಎಂದು ಎಣಿಸುವ ಹಳೆಯ ಪದ್ಧತಿಯಿದೆ. ಅದನ್ನು ನಮ್ಮ ತೃತೀಯೆಯೊಡನೆ ಬೆರೆಸಬಾರದು. ಡೇಟಿವ್ ಎಂಬ ಹೆಸರೇ ‘ಕೊಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಯಾರಿಗೆ ಕೊಡುತ್ತೇವೆಯೋ ಅವನು ಸಂಪ್ರದಾನ, ಸಂಪ್ರದಾನದಲ್ಲಿ ಚತುರ್ಥೀ ಎಂದು ಪಾಣಿನಿಯಿಂದ ಕಲಿತವರಿಗೆ ಈ ಹೆಸರನ್ನು ಕಂಡು ಹಳೆಯ ನೆಂಟನನ್ನು ಕಂಡಷ್ಟು ಹಿಗ್ಗಾಗುತ್ತದೆ. ನಮ್ಮ ಇಂದ, ಅಲ್ಲಿ ಮೊದಲಾದ ಪ್ರತ್ಯಯಗಳ ಕೆಲಸವನ್ನು ಜರ್ಮನ್ನಿನಲ್ಲಿ ನಾಮಪದದ ಮುಂದೆ ನಿಲ್ಲುವ ಚಿಕ್ಕ ಅವ್ಯಯಗಳು ಮಾಡುತ್ತವೆ.

ಭೇದವೊಂದಿದೆ. ಕನ್ನಡದಲ್ಲಿ ವಿಭಕ್ತಿ ಪ್ರಕೃತಿಯ ಬಾಲದಲ್ಲಿ ಕುಳಿತಿರುತ್ತದೆ. ಜರ್ಮನ್ನಿನಲ್ಲಿ ಅದು ಬಹುಮಟ್ಟಿಗೆ ಮುಂದಿನ ಗುಣಸೂಚಕ ಪದದಲ್ಲಿ ತೋರುತ್ತದೆ. ‘ಮನ್’ ಎಂದರೆ ಮನುಷ್ಯ. ಡೇರ್ ಮನ್, ಮನುಷ್ಯನು. ಡೇನ್ ಮನ್, ಮನುಷ್ಯನನ್ನು. ಡೇಮ್ ಮನ್, ಮನುಷ್ಯನಿಗೆ. ಡೆಸ್ ಮನ್ನೆಸ್, ಮನುಷ್ಯನ. ‘ಡೇರ್ ಹುಂಟ್ ಬೈಸ್ಟ್ ಡೇನ್ ಮನ್’ ಎಂದರೆ ‘ನಾಯಿಯು ಮನುಷ್ಯನನ್ನು ಕಚ್ಚುತ್ತದೆ’. ಇದನ್ನೇ ತಿರುಗಿಸಿ ‘ಡೇನ್ ಮನ್ ಬೈಸ್ಟ್ ಡೇರ್ ಹುಂಟ್’ ಎಂದರೂ ಕಚ್ಚುವುದು ನಾಯಿಯೇ, ಕಚ್ಚಿಸಿಕೊಳ್ಳುವವನು ಮನುಷ್ಯನೇ. ‘ಮನುಷ್ಯನನ್ನು ನಾಯಿ ಕಚ್ಚುತ್ತದೆ’ ಎಂದು ನಾವು ಹೇಳುವುದಿಲ್ಲವೆ? ಹಾಗೆಯೇ. ಇಂಗ್ಲಿಷಿನಲ್ಲಿ ಪದಗಳ ಸ್ಥಾನ ಬದಲಿಸಿದರೆ ಮನುಷ್ಯನೇ ನಾಯಿಯನ್ನು ಕಚ್ಚಿಬಿಡುತ್ತಾನೆ. ಆದರೆ ಸ್ತ್ರೀಲಿಂಗ, ನಪುಂಸಕಲಿಂಗಗಳಲ್ಲಿ ಪ್ರಥಮಾ ದ್ವಿತೀಯೆಗಳ ರೂಪ ಒಂದೇ ಆಗಿರುವುದರಿಂದ ಈ ಸ್ವಾತಂತ್ರ್ಯಕ್ಕೆ ಅಲ್ಲಿ ಮಿತಿಯುಂಟೆಂದು ತಿಳಿಯತಕ್ಕದ್ದು.

ಚತುರ್ಥಿಯ ವಿಷಯವನ್ನು ಸ್ವಲ್ಪ ವಿಸ್ತರಿಸುವೆನು. ಮಕ್ಕಳು ಎಡವುವುದೂ ಇಲ್ಲೇ, ಕನ್ನಡವು ಕೈಹಿಡಿಯುವುದೂ ಇಲ್ಲೇ. ಇಂಗ್ಲಿಷಿನಲ್ಲಿ ‘ನನ್ನನ್ನು’, ‘ನನಗೆ’ ಎಂಬ ಎರಡಕ್ಕೂ ಒಂದೇ ಪದ. ‘ನಿನ್ನನ್ನು’, ‘ನಿನಗೆ’ ಎಂಬವಕ್ಕೂ ಒಂದೇ. ಜರ್ಮನ್ನಿನಲ್ಲಿ ನನ್ನನ್ನು ಎಂಬುದಕ್ಕೆ ‘ಮಿಶ್’, ನನಗೆ ಎಂಬುದಕ್ಕೆ ‘ಮೀರ್’, ನಿನ್ನನ್ನು ಎಂಬುದಕ್ಕೆ ‘ಡಿಶ್’, ನಿನಗೆ ಎಂಬುದಕ್ಕೆ ‘ಡೀರ್’. ಇಂಗ್ಲಿಷಿನ ಮೂಲಕ ಕಲಿಯುವವನು ಯಾವ ಕ್ರಿಯಾಪದಕ್ಕೆ ಯಾವುದು ಎಂದು ಪಟ್ಟಿಯನ್ನು ಬಾಯಿಪಾಠ ಮಾಡಬೇಕು. ಕನ್ನಡಿಗನು ತನ್ನ ಮನೆಮಾತನ್ನು ಒಮ್ಮೆ ನೆನೆದರೆ ಸಾಕಾದೀತು. ‘ಇಶ್ ಹೆಲ್ಫೆ ಡೀರ್’: ನಾನು ನಿನಗೆ ಸಹಾಯ ಮಾಡುತ್ತೇನೆ. ‘ಇಶ್ ಫ್ರಾಗೆ ಡಿಶ್’: ನಾನು ನಿನ್ನನ್ನು ಕೇಳುತ್ತೇನೆ. ‘ಇಶ್ ಅಂಟ್‌ವೊರ್ಟೆ ಡೀರ್’: ನಾನು ನಿನಗೆ ಉತ್ತರ ಕೊಡುತ್ತೇನೆ. ಕೇಳುವುದಕ್ಕೆ ದ್ವಿತೀಯಾ, ಉತ್ತರಿಸುವುದಕ್ಕೆ ಚತುರ್ಥೀ. ನಮ್ಮಲ್ಲಿಯೂ ಹಾಗೆಯೇ ಅಲ್ಲವೆ?

ಇನ್ನೂ ಸೊಗಸಾದುವು ಮುಂದಿವೆ. ‘ಡಸ್ ಬೂಖ್ ಗೆಹ್ಯೋರ್ಟ್ ಮೀರ್’ ಎಂದರೆ ‘ಆ ಪುಸ್ತಕ ನನಗೆ ಸೇರಿದ್ದು’. ‘ಡಸ್ ಬೂಖ್ ಗೆಫೆಲ್ಟ್ ಮೀರ್’ ಎಂದರೆ ‘ಆ ಪುಸ್ತಕ ನನಗೆ ಹಿಡಿಸುತ್ತದೆ’. ‘ಡೇರ್ ಕೊಪ್ಫ್ ಟೂಟ್ ಮೀರ್ ವೇ’, ‘ನನಗೆ ತಲೆ ನೋಯುತ್ತದೆ’. ಅನುಭವಿಸುವವನನ್ನು ಕರ್ತೃವಾಗಿ ಕೂರಿಸದೆ ಚತುರ್ಥಿಯಲ್ಲಿ ನಿಲ್ಲಿಸುವುದು ಕನ್ನಡದ ಜಾಯಮಾನ. ನನಗೆ ಚಳಿ, ನನಗೆ ಹಸಿವು, ನನಗೆ ನೆನಪು, ನನಗೆ ಇಷ್ಟ. ಚಳಿಯು ಬಂದು ನನ್ನನ್ನು ಮುಟ್ಟುತ್ತದೆ. ಅದನ್ನು ನಾನು ಮಾಡುವುದಲ್ಲ. ‘ಇಶ್ ಬಿನ್ ಕಲ್ಟ್’ ಎಂದು ಹೇಳಿದರೆ ‘ನಾನು ಕರುಣೆಯಿಲ್ಲದ ತಣ್ಣನೆಯ ಮನುಷ್ಯ’ ಎಂಬರ್ಥ ಜರ್ಮನರ ಮನಸ್ಸಿಗೆ ಬರಬಹುದಂತೆ. ಪಾಪ, ಆ ಹುಡುಗಿಯ ಅಪರಾಧ ಇಂಗ್ಲಿಷನ್ನು ನಂಬಿದ್ದು ಮಾತ್ರ.

ಎಲ್ಲ ಕಡೆಯೂ ಈ ಕೀಲಿಕೈ ತಿರುಗುವುದೆಂದು ತಿಳಿಯಬೇಡಿರಿ. ನಾನು ಹುರುಪಿನಲ್ಲಿ ಹೀಗೆ ಹೇಳಿಕೊಟ್ಟ ಮರುದಿನವೇ ಹುಡುಗನೊಬ್ಬ ‘ನನಗೆ ಹಸಿವು’ ಎಂಬುದಕ್ಕೆ ‘ಮೀರ್ ಇಸ್ಟ್ ಹುಂಗರ್’ ಎಂದು ಬರೆದು ಕೆಂಪಕ್ಷರ ತಂದ. ಜರ್ಮನ್ನಿನಲ್ಲಿ ಹಸಿವನ್ನು ‘ಹೊಂದಿರುತ್ತಾರೆ’: ‘ಇಶ್ ಹಾಬೆ ಹುಂಗರ್’. ‘ಹೊಂದು’ ಎಂಬುದನ್ನು ನಾವು ಗ್ರಂಥಗಳಲ್ಲಲ್ಲದೆ ಮಾತಿನಲ್ಲಿ ಆಡುವುದಿಲ್ಲ. ‘ನನ್ನ ಬಳಿ ಇದೆ’, ‘ನನಗೆ ಇದೆ’ ಎಂದು ಮುಗಿಸುತ್ತೇವೆ. ಹಾಗೆಯೇ ‘ನಿನ್ನನ್ನು ನಂಬುತ್ತೇನೆ’ ಎಂಬಲ್ಲಿ ನಮ್ಮದು ದ್ವಿತೀಯಾ, ಅವರದು ಚತುರ್ಥೀ: ‘ಇಶ್ ಗ್ಲೌಬೆ ಡೀರ್’. ಇಂಥ ಅಪವಾದಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು. ಆ ಹಾಳೆ ಇಡೀ ಪಟ್ಟಿಗಿಂತ ಚಿಕ್ಕದಾಗಿರುತ್ತದೆ.

ಕನ್ನಡ ಕೈಬಿಟ್ಟಲ್ಲಿ ಕೆಲವೊಮ್ಮೆ ಸಂಸ್ಕೃತ ನೆರವಿಗೆ ಬರುತ್ತದೆ. ‘ಶಾಲೆಗೆ ಹೋಗುತ್ತೇನೆ’ ಎಂಬಲ್ಲಿ ನಮಗೆ ಚತುರ್ಥೀ. ಜರ್ಮನ್ನಿನಲ್ಲಿ ‘ಇನ್ ಡೀ ಶೂಲೆ’ ಎಂದು ದ್ವಿತೀಯಾ. ಗಮನಕ್ರಿಯೆಯ ಗುರಿಗೆ ದ್ವಿತೀಯಾ ಬರುವುದು ಗ್ರಾಮಂ ಗಚ್ಛತಿ ಎಂದು ಓದಿದವರಿಗೆ ಹೊಸತಲ್ಲ. ಶಾಲೆಯಲ್ಲಿಯೇ ಇದ್ದರೆ ‘ಇನ್ ಡೇರ್ ಶೂಲೆ’ ಎಂದು ಡೇಟಿವ್. ಲಿಂಗದ ವಿಷಯವೂ ಹೀಗೆಯೇ. ಕನ್ನಡದಲ್ಲಿ ಲಿಂಗವು ಅರ್ಥಾನುಸಾರಿ. ಜರ್ಮನ್ನಿನಲ್ಲಿ ಸೂರ್ಯನು ಸ್ತ್ರೀಲಿಂಗ, ಚಂದ್ರನು ಪುಲ್ಲಿಂಗ, ಹುಡುಗಿ ಎಂಬರ್ಥದ ‘ಮೇಡ್‌ಶೆನ್’ ನಪುಂಸಕಲಿಂಗ! ಮಕ್ಕಳು ಇದನ್ನು ಕೇಳಿ ಗೊಳ್ಳೆಂದು ನಕ್ಕರು. ಸಂಸ್ಕೃತದಲ್ಲಿ ಹೆಂಡತಿಯನ್ನು ಹೇಳುವ ದಾರ ಶಬ್ದ ಪುಲ್ಲಿಂಗ, ಅದೂ ನಿತ್ಯಬಹುವಚನ. ಕಲತ್ರ ಶಬ್ದ ನಪುಂಸಕ. ಭಾರ್ಯಾ ಶಬ್ದ ಸ್ತ್ರೀಲಿಂಗ ಎಂದು ತಿಳಿಸಿದೆ. ನಗು ನಿಂತಿತು. ಲಿಂಗವನ್ನು ಶಬ್ದದೊಡನೆಯೇ ಕಂಠಪಾಠ ಮಾಡುವುದಲ್ಲದೆ ಇಲ್ಲಿ ಬೇರೆ ಉಪಾಯವಿಲ್ಲ.

ಒಂದು ಎಚ್ಚರಿಕೆ. ಸಂಸ್ಕೃತವೂ ಜರ್ಮನ್ನೂ ಒಂದೇ ಭಾಷಾಕುಲದವು. ಫ್ರಾಂಟ್ಸ್ ಬೊಪ್ಪನೆಂಬ ಜರ್ಮನ್ ವಿದ್ವಾಂಸನು 1816ರಲ್ಲಿಯೇ ಸಂಸ್ಕೃತದ ಕ್ರಿಯಾರೂಪಗಳನ್ನು ಗ್ರೀಕ್, ಲ್ಯಾಟಿನ್, ಪಾರಸಿ, ಜರ್ಮನ್ ರೂಪಗಳೊಡನೆ ಹೋಲಿಸಿ ತೋರಿಸಿದನು. ಅಸ್ತಿ–ಇಸ್ಟ್, ಅಷ್ಟ–ಅಖ್ಟ್, ನವ–ನೊಯ್ನ್, ಸೂನು–ಜೋನ್, ಜಾನು–ಕ್ನೀ ಇವು ರಕ್ತಸಂಬಂಧದ ಸಾಕ್ಷಿಗಳು. ಕನ್ನಡವಾದರೋ ದ್ರಾವಿಡ ಕುಲದ್ದು. ಕನ್ನಡಕ್ಕೂ ಜರ್ಮನ್ನಿಗೂ ಇರುವ ಸಾದೃಶ್ಯ ನೆರೆಹೊರೆಯವರಲ್ಲದ ಇಬ್ಬರ ನಡಿಗೆ ಅಕಸ್ಮಾತ್ ಒಂದೇ ಆಗಿರುವಂಥದು. ಜರ್ಮನ್ ಕನ್ನಡದಿಂದ ಹುಟ್ಟಿತೆಂದು ಯಾರಾದರೂ ಭಾಷಣ ಮಾಡಿದರೆ ಚಪ್ಪಾಳೆ ತಟ್ಟಬೇಡಿರಿ.

ವಾಕ್ಯರಚನೆಯಲ್ಲಿ ಪ್ರಧಾನವಾಕ್ಯದ ಕ್ರಿಯಾಪದವು ಎರಡನೆಯ ಸ್ಥಾನದಲ್ಲಿಯೇ ಇರಬೇಕೆಂಬುದು ಜರ್ಮನ್ನಿನ ಕಟ್ಟಳೆ. ಕನ್ನಡದ ಮಕ್ಕಳು ಅದನ್ನು ಕೊನೆಗೆ ತಳ್ಳಿ ತಪ್ಪುತ್ತಾರೆ. ಆದರೆ ಅಧೀನವಾಕ್ಯ ಬಂದೊಡನೆ ಕ್ರಿಯೆ ತಾನಾಗಿಯೇ ನಮ್ಮ ಮನೆಗೆ ಬರುತ್ತದೆ. ‘ವೈಲ್ ಇಶ್ ಹೊಯ್ಟೆ ಡೊಯ್ಚ್ ಲೆರ್ನೆ’ ಎಂಬಲ್ಲಿ ‘ವೈಲ್’ ಎಂಬ ಕಾರಣಸೂಚಕವನ್ನು ಬಿಟ್ಟರೆ ಉಳಿದದ್ದು ‘ನಾನು ಇಂದು ಜರ್ಮನ್ ಕಲಿಯುವು’ ಎಂದು ಪದಕ್ಕೆ ಪದ ನಿಲ್ಲುತ್ತದೆ. ‘ದರಿಂದ’ ಎಂಬುದನ್ನು ನಾವು ಕೊನೆಗೆ ಹಚ್ಚುತ್ತೇವೆ, ಅವರು ಮೊದಲಿಗೆ ಇಡುತ್ತಾರೆ. ಇಂಗ್ಲಿಷ್ ಬಲ್ಲವರು ಈ ಭಾಗವನ್ನು ಬಹು ದುರ್ಗಮವೆನ್ನುವರು. ನಮ್ಮ ಎರಡು ಬೆಂಚಿನವರು ಇದನ್ನು ಒಂದೇ ಸಂಜೆಯಲ್ಲಿ ದಾಟಿದರು.

ಸಮಾಸದಲ್ಲಂತೂ ವಿದ್ವತ್ ಪರೀಕ್ಷೆಗೆ ಓದಿದವನಿಗೆ ಹಬ್ಬ. ‘ರೇಗನ್’ ಮಳೆ, ‘ಟ್ಸೈಟ್’ ಕಾಲ, ‘ರೇಗನ್‌ಟ್ಸೈಟ್’ ಮಳೆಗಾಲ. ನಾವು ಆದೇಶಸಂಧಿಯಿಂದ ಕಕಾರವನ್ನು ಗಕಾರ ಮಾಡುತ್ತೇವೆ, ಅವರು ಇದ್ದದ್ದನ್ನು ಇದ್ದಂತೆ ಸೇರಿಸುತ್ತಾರೆ. ಕೆಲವು ಕಡೆ ನಡುವೆ ಸಕಾರವೊಂದು ನುಸುಳುವುದುಂಟು. ಆಗಮಸಂಧಿಯ ಯಕಾರ ವಕಾರಗಳ ನೆನಪಾಗುತ್ತದೆ. ‘ಹಂಟ್’ ಕೈ, ‘ಶೂ’ ಪಾದರಕ್ಷೆ, ‘ಹಂಟ್‌ಶೂ’ ಎಂದರೆ ಕೈಯ ಪಾದರಕ್ಷೆ, ಅರ್ಥಾತ್ ಕೈಗವಸು! ಇಂಥ ಸಮಾಸಪದದ ಲಿಂಗ ಯಾವುದೆಂದು ಬೆಂಗಳೂರಿನ ಶಿಕ್ಷಕಿ ಕೇಳಿದಾಗ, ಕೊನೆಯ ಪದದ ಲಿಂಗವೇ ಇಡೀ ಪದದ್ದೆಂದು ನಮ್ಮ ಹುಡುಗಿಯೇ ಹೇಳಿದಳು. “ಹೇಗೆ ಊಹಿಸಿದೆ?” ಎಂದರು. “ತತ್ಪುರುಷ ಸಮಾಸದಲ್ಲಿ ಉತ್ತರಪದ ಪ್ರಧಾನರೀ ಮೇಡಂ” ಎಂದಳು. ಆ ಸಂಜೆ ಎಲ್ಲ ಚೌಕಗಳ ಮುಂದೆ ನಮ್ಮ ಕೋಣೆಯ ಧ್ವನಿ ತೆರೆದಿತ್ತು.

ಉಚ್ಚಾರಣೆಯ ಬಗ್ಗೆ ಹೆಚ್ಚು ಹೇಳಲಾರೆ. ನಾನು ಸೋತ ವಿಷಯ. ಕನ್ನಡ ಲಿಪಿಯಲ್ಲಿ ಮೇಲೆ ಬರೆದಿರುವುದೆಲ್ಲ ಸಮೀಪದ ಧ್ವನಿ ಮಾತ್ರ. ‘ಇಶ್’ ಎಂಬುದರ ಕೊನೆಯ ಧ್ವನಿ ನಮ್ಮ ಶಕಾರವೂ ಅಲ್ಲ, ಹಕಾರವೂ ಅಲ್ಲ, ಎರಡರ ನಡುವಿನದು. ಬರಹದಲ್ಲಿ ಇಮ್ಮಡಿ ವ್ಯಂಜನವಿದ್ದರೆ ನಮ್ಮ ಮಕ್ಕಳು ‘ಅಮ್ಮ’ ಎಂಬಂತೆ ಒತ್ತಿ ‘ಕೊಮ್ಮನ್’ ಎನ್ನುತ್ತಾರೆ. ಜರ್ಮನರಿಗೆ ಆ ಇಮ್ಮಡಿ ಹಿಂದಿನ ಸ್ವರ ಹ್ರಸ್ವವೆಂಬುದರ ಗುರುತು ಮಾತ್ರ, ‘ಕೊಮನ್’ ಎಂದಷ್ಟೇ ಉಚ್ಚಾರ. ಇಲ್ಲಿ ವ್ಯಾಕರಣ ಪುಸ್ತಕವನ್ನು ಮುಚ್ಚಿ ಯಂತ್ರವನ್ನು ತೆರೆಯಬೇಕು.

ಕನ್ನಡಕ್ಕೂ ಜರ್ಮನಿಗೂ ನಂಟು ಹೊಸದಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲಿ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಸುಮಾರು 70 ಸಾವಿರ ಶಬ್ದಗಳ ಕೋಶವನ್ನು 1894ರಲ್ಲಿ ನಮಗೆ ಕೊಟ್ಟನು. ಕೋಶದ ಮಾತನ್ನು ಎಲ್ಲರೂ ಆಡುತ್ತಾರೆ. ಅದಕ್ಕೂ ಇಪ್ಪತ್ತೆರಡು ವರ್ಷ ಮೊದಲು, 1872ರಲ್ಲಿ, ಅವನು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಅಚ್ಚು ಮಾಡಿಸಿದನೆಂಬುದನ್ನು ಕಡಿಮೆ ಜನ ನೆನೆಯುತ್ತಾರೆ. ಜರ್ಮನಿಯ ಉತ್ತರದ ಕಡಲತೀರದಲ್ಲಿ ಹುಟ್ಟಿದವನು ಕನ್ನಡದ ಒಳಮನೆಗೆ ಬಂದದ್ದು ಕೇಶಿರಾಜನ ಬಾಗಿಲಿನಿಂದ. ಕೊನೆಗೆ 1903ರಲ್ಲಿ, ಅವನು ತೀರಿಕೊಂಡ ವರ್ಷವೇ, ಅವನ ಕನ್ನಡ ವ್ಯಾಕರಣವೂ ಹೊರಬಂದಿತು. ಅದೇ ಬಾಗಿಲನ್ನು ಒಳಗಿನಿಂದ ತೆರೆದು ನಮ್ಮ ಮಕ್ಕಳು ಆ ಕಡೆಗೆ ಹೋಗಬಹುದೆಂಬುದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಈಗ ಕೆಲವು ಪೋಷಕರು ಬಂದು, ಮಗನಿಗೆ ಜರ್ಮನ್ ಇರಲಿ, ಕನ್ನಡ ವ್ಯಾಕರಣದ ಹೊರೆಯನ್ನು ಕಡಿಮೆ ಮಾಡಿರೆಂದು ಕೇಳುತ್ತಾರೆ. ಅವರಿಗೆ ನಾನು ಉಪದೇಶ ಮಾಡುವುದಿಲ್ಲ. ಹುಡುಗನ ಎರಡೂ ನೋಟುಪುಸ್ತಕಗಳನ್ನು ಮೇಜಿನ ಮೇಲೆ ಬಿಡಿಸಿ ತೋರಿಸುತ್ತೇನೆ. ವಿಭಕ್ತಿಯಲ್ಲಿ ಎಡವಿದವನು ಎರಡರಲ್ಲಿಯೂ ಒಂದೇ ಜಾಗದಲ್ಲಿ ಎಡವಿರುತ್ತಾನೆ.

ಮಂಗಳವಾರ ಮತ್ತು ಶುಕ್ರವಾರ, ಆನ್‌ಲೈನ್ ಪಾಠಕ್ಕೆ ಅರ್ಧ ಗಂಟೆ ಮೊದಲು, ನಾಲ್ಕೂವರೆಗೆ, ಗಣಕಯಂತ್ರದ ಕೋಣೆಯಲ್ಲಿ ನಾನಿರುತ್ತೇನೆ. ಪ್ರತಿಯೊಬ್ಬರ ಬಾಯಿಂದಲೂ ಪಾಠ ಒಪ್ಪಿಸಿಕೊಳ್ಳಲಾಗುವುದು. ಮೊದಲ ದಿನಕ್ಕೆ ಅಭ್ಯಾಸ ಇದು: ‘ನಾನು ತಾಯಿಗೆ ಉತ್ತರ ಬರೆಯುತ್ತೇನೆ’, ‘ಅವನು ನನ್ನನ್ನು ನೋಡುತ್ತಾನೆ’, ‘ಈ ಊರು ನನಗೆ ಹಿಡಿಸುತ್ತದೆ’, ‘ನಿನಗೆ ಚಳಿಯೆ?’ ಎಂಬ ವಾಕ್ಯಗಳಲ್ಲಿ ವಿಭಕ್ತಿಗಳನ್ನು ಗುರುತಿಸಿ, ‘ಮಿಶ್’, ‘ಮೀರ್’, ‘ಡೀರ್’ ಎಂಬವು ಎಲ್ಲಿ ಬರತಕ್ಕವು, ಎಲ್ಲಿ ಒಂದೂ ಬರಲಾರದು ಎಂಬುದನ್ನು ಬರೆದು ತರುವುದು. ಕನ್ನಡ ವ್ಯಾಕರಣದ ಪುಸ್ತಕವೂ ಜೊತೆಯಲ್ಲಿರಲಿ.